ಕಿಟಕಿಯ ಕದ

ಕಿಟಕಿಯ ಕದವು ಕಿಟಕಿಯ ಚೌಕಟ್ಟಿಗೆ ಕೀಲುಗಳಿಂದ ಸೇರಿಸಿದ ಅಥವಾ ಹಳಿಯ ಮೇಲೆ ಸರಿಯುವಂತೆ ಕೂರಿಸಿದ, ತೆರೆದು ಮುಚ್ಚಬಹುದಾದ ಭಾಗ. ಮರ, ಉಕ್ಕು, ಅಲ್ಯೂಮಿನಿಯಂ ಅಥವಾ ಯುಪಿವಿಸಿಯಿಂದ ಇದರ ಅಂಚನ್ನು ಮಾಡಿ, ನಡುವೆ ಹಲಗೆ, ಗಾಜು ಅಥವಾ ಓರೆಪಟ್ಟಿಗಳನ್ನು ಅಳವಡಿಸುತ್ತಾರೆ. ಆಡುಮಾತಿನಲ್ಲಿ ಇದನ್ನು ಕಿಟಕಿ ಬಾಗಿಲು ಎಂದೂ, ಕಟ್ಟಡ ಕೆಲಸದವರ ಮಾತಿನಲ್ಲಿ ಷಟರ್ ಎಂದೂ ಕರೆಯುತ್ತಾರೆ. ಬೆಳಕು, ಗಾಳಿ, ಬಿಸಿಲು, ಮಳೆ, ಸೊಳ್ಳೆ ಹಾಗೂ ಹೊರಗಿನವರ ನೋಟ, ಇವುಗಳಲ್ಲಿ ಯಾವುದನ್ನು ಯಾವ ಹೊತ್ತಿನಲ್ಲಿ ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ನಿಯಂತ್ರಿಸುವುದು ಕದದ ಕೆಲಸ. ಈ ಎಲ್ಲ ಕೆಲಸಗಳನ್ನೂ ಸಮರ್ಪಕವಾಗಿ ಮಾಡುವ ಒಂದೇ ಬಗೆಯ ಕದವಿಲ್ಲ. ಆದ್ದರಿಂದ ಮನೆಯ ಯಾವ ಗೋಡೆಯಲ್ಲಿ ಯಾವ ಕೆಲಸ ಮುಖ್ಯ ಎಂಬುದನ್ನು ಅನುಸರಿಸಿ ಕದದ ಆಯ್ಕೆ ನಡೆಯುತ್ತದೆ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ವಾಸದ ಮನೆಗಳ ಕಿಟಕಿ ಕದಗಳನ್ನೂ ಅವುಗಳ ಆಯ್ಕೆ ಮತ್ತು ಜೋಡಣೆಯನ್ನೂ ಕುರಿತದ್ದಾಗಿದೆ.

ಪದಬಳಕೆ

ಕದ ಎಂಬುದು ದ್ರಾವಿಡ ಮೂಲದ ಪದ. ತಮಿಳಿನ ಕದವು ಇದರ ಜ್ಞಾತಿ ಪದ. ಕಿಟಕಿಗೆ ಸಂಸ್ಕೃತದಲ್ಲಿ ಗವಾಕ್ಷ, ಅಂದರೆ ಹಸುವಿನ ಕಣ್ಣು ಎಂಬ ಹೆಸರಿದೆ. ಕೊಂಕಣಿಯ ಜನೆಲ್ ಪೋರ್ಚುಗೀಸಿನ ಜನೆಲಾದಿಂದ ಬಂದದ್ದು. ಕದವಿಲ್ಲದ, ಬೆಳಕಿಗಾಗಿಯಷ್ಟೇ ಬಿಟ್ಟ ಸಣ್ಣ ತೆರಪಿಗೆ ಕನ್ನಡದಲ್ಲಿ ಬೆಳಕಿಂಡಿ ಎನ್ನುತ್ತಾರೆ.

ಷಟರ್ ಎಂಬ ಪದ ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ಯುರೋಪ್ ಮತ್ತು ಅಮೆರಿಕದಲ್ಲಿ ಈ ಪದವು ಗಾಜಿನ ಕಿಟಕಿಯ ಹೊರಬದಿಗೋ ಒಳಬದಿಗೋ ಹೆಚ್ಚುವರಿಯಾಗಿ ಹಾಕುವ ಮರದ ಹೊದಿಕೆಯನ್ನು ಸೂಚಿಸುತ್ತದೆ. ಭಾರತದ ಕಟ್ಟಡ ಪರಿಭಾಷೆಯಲ್ಲಿ ಬಾಗಿಲು ಅಥವಾ ಕಿಟಕಿಯ ಚಲಿಸುವ ಭಾಗಕ್ಕೆಲ್ಲ ಷಟರ್ ಎಂದೇ ಹೆಸರು. ಭಾರತೀಯ ಮಾನಕ ಐಎಸ್ 1003ರ ಎರಡನೆಯ ಭಾಗವು ಮರದ ಕಿಟಕಿ ಷಟರ್‌ಗಳನ್ನು ಕುರಿತದ್ದು. ಅಂಗಡಿಗಳ ಮುಂದೆ ಸುರುಳಿಯಾಗಿ ಏರುವ ಉಕ್ಕಿನ ತೆರೆಯೂ ಷಟರ್ ಎನಿಸಿಕೊಳ್ಳುತ್ತದೆ. ವಿದೇಶದ ಕೈಪಿಡಿಗಳನ್ನು ಓದಿ ಇಲ್ಲಿಯ ಬಡಗಿಗೆ ಕೆಲಸ ಒಪ್ಪಿಸುವವರು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕಾಗುತ್ತದೆ.

ಹಿನ್ನೆಲೆ

ಗಾಜು ಅಗ್ಗವಾಗಿ ದೊರೆಯುವ ಮುನ್ನ ಕಿಟಕಿಯ ಮುಂದಿದ್ದ ಆಯ್ಕೆಗಳು ಎರಡೇ: ತೆರೆದಿರುವ ಜಾಲರಿ ಅಥವಾ ಪೂರ್ಣ ಮುಚ್ಚುವ ಹಲಗೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕಾಣುವ ಕಲ್ಲಿನ ಜಾಲಂಧ್ರಗಳು ಮೊದಲ ಬಗೆಗೆ ಉದಾಹರಣೆ. ಅವುಗಳಿಗೆ ಕದವಿಲ್ಲ, ಬೆಳಕು ಮತ್ತು ಗಾಳಿ ಸದಾ ಹಾಯುತ್ತವೆ. ಮನೆಗಳಲ್ಲಿ ಎರಡನೆಯ ಬಗೆ ರೂಢಿಯಲ್ಲಿತ್ತು. ತೊಟ್ಟಿ ಮನೆಗಳಲ್ಲಿ ಬೆಳಕು ಮತ್ತು ಗಾಳಿ ಬಹುಪಾಲು ನಡುವಿನ ತೆರೆದ ಅಂಗಳದಿಂದಲೇ ದೊರೆಯುತ್ತಿದ್ದುದರಿಂದ ಹೊರಗೋಡೆಯ ಕಿಟಕಿಗಳು ಚಿಕ್ಕವಾಗಿದ್ದು, ದಪ್ಪ ಹಲಗೆಯ ಕದಗಳಿಂದ ಮುಚ್ಚಲ್ಪಡುತ್ತಿದ್ದವು. ಆ ಕಾಲದ ಕದಗಳಿಗೆ ಲೋಹದ ಕೀಲುಗಳಿರುತ್ತಿರಲಿಲ್ಲ; ಕದದ ಮೇಲೂ ಕೆಳಗೂ ಉಳಿಸಿದ ಮರದ ಗೂಟಗಳು ಚೌಕಟ್ಟಿನ ಗುಳಿಗಳಲ್ಲಿ ತಿರುಗುತ್ತಿದ್ದವು.

ಅನಂತರದ ಮನೆಗಳಲ್ಲಿ ವ್ಯಾಪಕವಾದ ನಾಲ್ಕು ಕದದ ಕಿಟಕಿಯು ಸರಳವಾದರೂ ಬಹಳ ಯೋಚಿಸಿ ಮಾಡಿದ ರಚನೆ. ಇದರಲ್ಲಿ ಕೆಳಗೆ ಎರಡು, ಮೇಲೆ ಎರಡು ಕದಗಳಿದ್ದು ಪ್ರತಿಯೊಂದೂ ಬೇರೆಯಾಗಿ ತೆರೆಯುತ್ತದೆ. ಕೆಳಗಿನ ಜೋಡಿಯನ್ನು ಮುಚ್ಚಿದರೆ ಬೀದಿಯಲ್ಲಿ ಹೋಗುವವರಿಗೆ ಒಳಗಿನದು ಕಾಣುವುದಿಲ್ಲ. ಮೇಲಿನ ಜೋಡಿ ತೆರೆದಿದ್ದರೆ ಕೋಣೆಯ ಮೇಲ್ಭಾಗದಲ್ಲಿ ಸೇರುವ ಬಿಸಿ ಗಾಳಿ ಹೊರಹೋಗುತ್ತದೆ, ಬೆಳಕೂ ಬರುತ್ತದೆ. ಇಂದು ಪರದೆ, ಬಣ್ಣದ ಗಾಜು ಮತ್ತು ಪಂಖಗಳನ್ನು ಸೇರಿಸಿ ಸಾಧಿಸುವುದನ್ನು ಇದು ಒಂದೇ ಚೌಕಟ್ಟಿನಲ್ಲಿ ಸಾಧಿಸುತ್ತಿತ್ತು.

ಓರೆಪಟ್ಟಿಯ ಕದಗಳು ಯುರೋಪಿಯನ್ನರೊಂದಿಗೆ ಬಂದು ಗೋವಾ, ಪುದುಚೇರಿ ಮತ್ತು ದಂಡುಪ್ರದೇಶಗಳಲ್ಲಿ ನೆಲೆಯೂರಿದವು. ಗೋವಾದ ಹಳೆಯ ಮನೆಗಳಲ್ಲಿ ಗಾಜಿನ ಬದಲು ಪ್ಲಕ್ಯೂನ ಪ್ಲಸೆಂಟ ಎಂಬ ಸಿಂಪಿಯ ತೆಳು ಚಿಪ್ಪುಗಳನ್ನು ಮರದ ಪಟ್ಟಿಗಳ ನಡುವೆ ಕೂರಿಸಿದ ಕದಗಳು ಇಂದಿಗೂ ಉಳಿದಿವೆ. ಬೆಂಗಳೂರಿನಲ್ಲಿ 19ನೆಯ ಶತಮಾನದ ಉತ್ತರಾರ್ಧ ಮತ್ತು 20ನೆಯ ಶತಮಾನದ ಆರಂಭದ ಬಂಗಲೆಗಳ ಕಿಟಕಿಗಳ ಮೇಲೆ ಮಂಕಿ ಟಾಪ್ ಎಂದು ಕರೆಯುವ, ಮುಂದಕ್ಕೆ ಚಾಚಿದ ಮೊನಚು ಮರದ ಮುಸುಕುಗಳು ಬಂದವು. ಲಂಬವಾಗಿ ಜೋಡಿಸಿದ ಮರದ ಪಟ್ಟಿಗಳಿಂದಾದ ಇವು ಕದ ತೆರೆದಿದ್ದಾಗಲೂ ಬಿಸಿಲು ಮತ್ತು ಎರಚಲನ್ನು ತಡೆಯುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಈ ಕೆಲಸವನ್ನು ಬಹಳ ಮಟ್ಟಿಗೆ ತಗ್ಗಿದ ಸೂರು ಮತ್ತು ಜಗಲಿ ಮಾಡುತ್ತಿದ್ದವು. ಮಳೆಗಾಲದಲ್ಲಿ ಅಡಕೆಯ ಸೋಗೆ ಅಥವಾ ತೆಂಗಿನ ಮಡಲಿನ ತಟ್ಟಿಗಳನ್ನು ಜಗಲಿಯ ಹೊರ ಅಂಚಿಗೆ ಕಟ್ಟುವ ರೂಢಿಯೂ ಇತ್ತು. ತಾರಸಿ ಮನೆಗಳು ಬಂದು ಸೂರು ಮಾಯವಾದ ಮೇಲೆ ಆ ಹೊಣೆಯೆಲ್ಲ ಕಿಟಕಿಯ ಕದದ ಮೇಲೆ ಬಿದ್ದಿದೆ.

ತೆರೆಯುವ ಬಗೆ ಮತ್ತು ಗಾಳಿಯ ದಾರಿ

ಕದ ತೆರೆಯುವ ಬಗೆಯೇ ಕೋಣೆಗೆ ಬರುವ ಗಾಳಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಪಕ್ಕದ ಕೀಲಿನ ಮೇಲೆ ತಿರುಗುವ ಕದವನ್ನು ಪೂರ್ತಿ ತೆರೆದರೆ ಚೌಕಟ್ಟಿನ ಒಳಗಿನ ಬಹುತೇಕ ಜಾಗ ಬಯಲಾಗುತ್ತದೆ. ಎರಡು ಹಳಿಗಳ ಮೇಲೆ ಸರಿಯುವ ಎರಡು ಕದಗಳಲ್ಲಿ ಒಂದು ಯಾವಾಗಲೂ ಇನ್ನೊಂದರ ಹಿಂದೆ ನಿಲ್ಲುವುದರಿಂದ ಅರ್ಧ ಜಾಗ ಮುಚ್ಚಿಯೇ ಇರುತ್ತದೆ. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ತೆರೆಯಬಹುದಾದ ವಿಸ್ತೀರ್ಣವನ್ನು ತಿರುಗುವ ಕದಕ್ಕೆ ಶೇ. 90, ಎರಡು ಹಾಳೆಯ ಸರಿಯುವ ಕದಕ್ಕೆ ಶೇ. 50, ಮೂರು ಹಾಳೆಯದಕ್ಕೆ ಶೇ. 67 ಎಂದು ಲೆಕ್ಕ ಹಿಡಿಯುತ್ತದೆ. ಇದೇ ಸಂಹಿತೆಯ ಪ್ರಕಾರ ತೆರೆಯಬಹುದಾದ ಕಿಟಕಿ ವಿಸ್ತೀರ್ಣವು ಮನೆಯ ಕಾರ್ಪೆಟ್ ವಿಸ್ತೀರ್ಣದ ಪ್ರಮಾಣದಲ್ಲಿ ಬಿಸಿ-ತೇವದ ವಲಯದಲ್ಲಿ ಕನಿಷ್ಠ ಶೇ. 16.66, ಸಮಶೀತೋಷ್ಣ ವಲಯದಲ್ಲಿ ಶೇ. 12.5, ಬಿಸಿ-ಒಣ ವಲಯದಲ್ಲಿ ಶೇ. 10 ಇರಬೇಕು. ಕರ್ನಾಟಕದ ಕರಾವಳಿ ಮೊದಲನೆಯದಕ್ಕೂ ಬೆಂಗಳೂರು ಎರಡನೆಯದಕ್ಕೂ ಸೇರುತ್ತವೆ.

ಈ ಅಂಕಿಗಳ ಅರ್ಥವನ್ನು ಒಂದು ಕೋಣೆಗೆ ಅನ್ವಯಿಸಿ ನೋಡಬಹುದು. ಮಂಗಳೂರಿನಲ್ಲಿ 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಗೆ ಸುಮಾರು 2 ಚದರ ಮೀಟರ್ ತೆರಪು ಬೇಕು. ತಿರುಗುವ ಕದಗಳಾದರೆ ಸುಮಾರು 2.2 ಚದರ ಮೀಟರಿನ ಕಿಟಕಿ ಸಾಕು; ಎರಡು ಹಾಳೆಯ ಸರಿಯುವ ಕದಗಳಾದರೆ 4 ಚದರ ಮೀಟರ್ ಬೇಕಾಗುತ್ತದೆ. ಹಳೆಯ ಮರದ ಕಿಟಕಿಗಳನ್ನು ತೆಗೆದು ಅದೇ ತೆರಪಿನಲ್ಲಿ ಸರಿಯುವ ಕಿಟಕಿಗಳನ್ನು ಕೂರಿಸಿದ ಮನೆಗಳಲ್ಲಿ ಸೆಖೆ ಹೆಚ್ಚಿದಂತೆ ಅನ್ನಿಸುವುದಕ್ಕೆ ಇದು ಒಂದು ಮುಖ್ಯ ಕಾರಣ. ಸಾಮಾನ್ಯವಾಗಿ ದೂರು ಮಾತ್ರ ಹೊಸ ಸಾಮಗ್ರಿಯ ಮೇಲೆ ಹೋಗುತ್ತದೆ.

ಸರಿಯುವ ಕದಕ್ಕೂ ಅದರದೇ ಸ್ಥಾನವಿದೆ. ಕಿರಿದಾದ ಓಣಿ, ಬಾಲ್ಕನಿ, ಮೆಟ್ಟಿಲಿನ ಪಕ್ಕ, ಅಡುಗೆಕಟ್ಟೆಯ ಮೇಲ್ಭಾಗ ಮುಂತಾಗಿ ಕದ ಹೊರಕ್ಕೂ ಒಳಕ್ಕೂ ತಿರುಗಲು ಎಡೆಯಿಲ್ಲದ ಕಡೆ ಅದೇ ಸೂಕ್ತ. ಬಿರುಗಾಳಿಗೆ ಅದು ಬಡಿದುಕೊಳ್ಳುವುದಿಲ್ಲ. ಮೇಲಂಚಿನ ಕೀಲಿನಿಂದ ಹೊರಕ್ಕೆ ಏಳುವ ಕದವು ತೆರೆದಿದ್ದಾಗಲೂ ಸಣ್ಣ ಮಳೆಗೆ ಮಾಡಿನಂತೆ ವರ್ತಿಸುತ್ತದೆ. ಸ್ನಾನದ ಮನೆ ಮತ್ತು ಉಗ್ರಾಣಗಳಿಗೆ ಹೊಂದುತ್ತದೆ.

ಲೂವರ್ ಎಂದು ಕರೆಯುವ ಓರೆಪಟ್ಟಿಗಳಲ್ಲಿ ಸ್ಥಿರವಾದವೂ ತಿರುಗುವವೂ ಇವೆ. ಪಟ್ಟಿಗಳು ಹೊರಕ್ಕೆ ಇಳಿಜಾರಾಗಿದ್ದು ಒಂದರ ಮೇಲೊಂದು ತುಸು ಹಾಯ್ದಿದ್ದರೆ ನೇರ ಬಿಸಿಲು ಮತ್ತು ನೋಟವನ್ನು ತಡೆದು ಗಾಳಿಯನ್ನು ಬಿಡುತ್ತವೆ. ಆದರೆ ಗಾಳಿಯೊಡನೆ ಬರುವ ಎರಚಲನ್ನು ಇವು ಪೂರ್ತಿಯಾಗಿ ತಡೆಯಲಾರವು. ಧೂಳು ಹೆಚ್ಚಿರುವ ರಸ್ತೆಬದಿಯಲ್ಲಿ ಪ್ರತಿ ಪಟ್ಟಿಯನ್ನೂ ಒರೆಸಬೇಕಾದ ಕೆಲಸ ಬೀಳುತ್ತದೆ.

ದಿಕ್ಕು, ಬಿಸಿಲು ಮತ್ತು ಮಳೆ

ಬೆಂಗಳೂರು ಮತ್ತು ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಅಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ 60 ಸೆಂ.ಮೀ. ಚಾಚಿದ ಸಜ್ಜಾ ಇದ್ದರೆ ಆ ಹೊತ್ತಿನಲ್ಲಿ ಅದರ ನೆರಳು ಸುಮಾರು 80 ಸೆಂ.ಮೀ. ಕೆಳಗಿನವರೆಗೆ ಬೀಳುತ್ತದೆ, ಅಂದರೆ ಸಾಮಾನ್ಯ ಎತ್ತರದ ಕಿಟಕಿಯ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚುತ್ತದೆ. ಪಶ್ಚಿಮದ ಗೋಡೆಯ ಸ್ಥಿತಿ ಬೇರೆ. ಸಂಜೆ ಸೂರ್ಯ 25 ಡಿಗ್ರಿಗೆ ಇಳಿದಾಗ ನೇರವಾಗಿ ಎದುರಿಸುವ ಗೋಡೆಯಲ್ಲಿ ಅದೇ ಸಜ್ಜಾದ ನೆರಳು 28 ಸೆಂ.ಮೀ. ಮಾತ್ರ. ಉಳಿದ ಬಿಸಿಲನ್ನು ತಡೆಯಬೇಕಾದದ್ದು ಕದವೇ. ಒಳಗಿನ ಬಟ್ಟೆಯ ಪರದೆ ಈ ಕೆಲಸವನ್ನು ಚೆನ್ನಾಗಿ ಮಾಡುವುದಿಲ್ಲ, ಏಕೆಂದರೆ ಗಾಜನ್ನು ದಾಟಿ ಬಂದ ತಾಪದ ಬಹುಭಾಗ ಆಗಲೇ ಕೋಣೆಯೊಳಗೆ ಸೇರಿರುತ್ತದೆ. ಪಶ್ಚಿಮಕ್ಕೆ ಗಾಜಿನ ಹೊರಬದಿಯಲ್ಲಿ ಹಲಗೆ ಅಥವಾ ಓರೆಪಟ್ಟಿಯ ಕದ ಇರುವುದು ಒಳ್ಳೆಯದು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಇರುವುದರಿಂದ, ಉತ್ತರದ ಕಿಟಕಿಗೆ ನಡುಹಗಲಿನ ಬಿಸಿಲೇ ಬರುವುದಿಲ್ಲವೆಂಬ ಮಾತು ಯುರೋಪಿಗೆ ಸರಿಯೇ ಹೊರತು ಕರ್ನಾಟಕಕ್ಕಲ್ಲ. ಆದರೂ ಆ ಬಿಸಿಲು ಕಡಿದಾಗಿ ಬೀಳುವುದರಿಂದ ಸಣ್ಣ ಸಜ್ಜಾವೇ ಸಾಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನ ಎರಚಲು ಕರಾವಳಿ ಮತ್ತು ಘಟ್ಟದ ಮನೆಗಳಿಗೆ ಪಶ್ಚಿಮ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಅಂದರೆ ಅತಿ ಹೆಚ್ಚು ಬಿಸಿಲು ಬೀಳುವ ಗೋಡೆಯೇ ಅತಿ ಹೆಚ್ಚು ಮಳೆ ಬೀಳುವ ಗೋಡೆಯೂ ಆಗುತ್ತದೆ. ಅಲ್ಲಿಯ ಮರ ಒಂದೇ ವರ್ಷದಲ್ಲಿ ಒಣಗಿ ಸೀಳುವುದಕ್ಕೂ ನೆನೆದು ಉಬ್ಬುವುದಕ್ಕೂ ಒಳಗಾಗುತ್ತದೆ. ಖರ್ಚನ್ನು ಹಿಡಿತದಲ್ಲಿಡಬೇಕಾದವರು ಒಳ್ಳೆಯ ಮರವನ್ನೂ ಒಳ್ಳೆಯ ಕೀಲುಗಳನ್ನೂ ಈ ಗೋಡೆಗೆ ಮೀಸಲಿಟ್ಟು, ಉತ್ತರ ಮತ್ತು ಪೂರ್ವದ ಕಿಟಕಿಗಳಲ್ಲಿ ಮಿತವ್ಯಯ ಮಾಡುವುದು ಯುಕ್ತ. ಮುಂಬಾಗಿಲಿನ ಪಕ್ಕದ ಕಿಟಕಿಗೆ ತೇಗ, ಹಿಂದಿನ ಪಶ್ಚಿಮದ ಗೋಡೆಗೆ ಉಳಿದ ಮರ ಎಂಬುದು ಸಾಮಾನ್ಯವಾಗಿ ಕಾಣುವ ಕ್ರಮವಾದರೂ, ಅದು ನೋಡುವವರ ಕಣ್ಣಿಗಾಗಿ ಮಾಡಿದ್ದು.

ಸಾಮಗ್ರಿ

ಕರ್ನಾಟಕದಲ್ಲಿ ಕದಕ್ಕೆ ಮೊದಲ ಆಯ್ಕೆ ತೇಗ. ಅದರಲ್ಲಿರುವ ಸಹಜ ಎಣ್ಣೆಯ ಅಂಶ ಗೆದ್ದಲು ಮತ್ತು ಕೊಳೆತವನ್ನು ದೂರವಿಡುತ್ತದೆ. ತೇವಕ್ಕೆ ತಕ್ಕಂತೆ ಅದು ಹಿಗ್ಗಿ ಕುಗ್ಗುವುದೂ ಕಡಿಮೆ. ಈ ಗುಣ ಬಲಿತ ಮರದ ತಿರುಳಿಗೆ ಸೇರಿದ್ದು. ಹೊರಪದರದ ಬಿಳಿಚು ಮರಕ್ಕೆ ಹುಳ ಸುಲಭವಾಗಿ ಹಿಡಿಯುತ್ತದೆ. ಹೊನ್ನೆ, ಮತ್ತಿ, ಹಲಸು ಮತ್ತು ಬೇವುಗಳೂ ಬಳಕೆಯಲ್ಲಿವೆ. ಕರಾವಳಿಯಲ್ಲಿ ಹಲಸಿನ ಮರದ ಕದಗಳು ಹೆಚ್ಚು. ಹಳೆಯ ಮನೆಗಳನ್ನು ಕೆಡವಿದಾಗ ಮಾರಾಟಕ್ಕೆ ಬರುವ ತೇಗದ ಕದಗಳು ದಶಕಗಳ ಕಾಲ ಹದಗೊಂಡಿರುವುದರಿಂದ ಒಳ್ಳೆಯ ಸಾಮಗ್ರಿಯೇ. ಕೆಳ ಅಂಚನ್ನು ಚೂಪಾದ ಉಳಿಯಿಂದ ಚುಚ್ಚಿ ಕೊಳೆತಿದೆಯೇ ಎಂದು ಪರೀಕ್ಷಿಸಿ ಕೊಳ್ಳಬೇಕು.

ಮರದ ಜಾತಿಗಿಂತ ಅದರ ಹದ ಮುಖ್ಯ. ಹಸಿ ಮರದಿಂದ ಮಾಡಿದ ತೇಗದ ಕದಕ್ಕಿಂತ ಚೆನ್ನಾಗಿ ಒಣಗಿಸಿದ ಮತ್ತಿಯ ಕದ ಹೆಚ್ಚು ಕಾಲ ನೇರವಾಗಿ ನಿಲ್ಲುತ್ತದೆ. ಮರವು ನಾರಿನ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ತೇಗದಲ್ಲಿ ತೇವಾಂಶ ಐದು ಶೇಕಡಾಂಶ ಏರಿದರೆ ಅಡ್ಡಗಲ ಹೆಚ್ಚೆಂದರೆ ಸುಮಾರು ನೂರರಲ್ಲಿ ಒಂದು ಪಾಲಿನಷ್ಟು ಬೆಳೆಯುತ್ತದೆ. 45 ಸೆಂ.ಮೀ. ಅಗಲದ ಕದವನ್ನು ಇಡಿಯಾದ ಹಲಗೆಗಳನ್ನು ಅಂಟಿಸಿ ಮಾಡಿದ್ದರೆ ಅದು 4 ಮಿ.ಮೀ. ಹತ್ತಿರ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಈ ತೊಂದರೆಗೆ ಬಡಗಿಗಳು ಕಂಡುಕೊಂಡ ಪರಿಹಾರವೇ ದಿಲ್ಲೆ ಅಥವಾ ಪ್ಯಾನೆಲ್ ಕದ. ಸುತ್ತಲಿನ ಪಟ್ಟಿಗಳನ್ನು ನಾಲಿಗೆಯಂತೆ ಕೆತ್ತಿದ ತುದಿ ಮತ್ತು ಗುಳಿಗಳಿಂದ ಬಿಗಿಯಾಗಿ ಸೇರಿಸಿ, ನಡುವಿನ ತೆಳು ಹಲಗೆಯನ್ನು ಆ ಪಟ್ಟಿಗಳ ಕಾಲುವೆಯಲ್ಲಿ ಅಂಟು ಹಾಕದೆ ಸಡಿಲವಾಗಿ ಬಿಡುತ್ತಾರೆ. ಹಲಗೆ ಕಾಲುವೆಯೊಳಗೇ ಹಿಗ್ಗಿ ಕುಗ್ಗುತ್ತದೆ; ಕದದ ಹೊರ ಅಳತೆ ಹೆಚ್ಚು ಬದಲಾಗುವುದಿಲ್ಲ. ನಡುವಿನ ಹಲಗೆ ಅಲುಗಾಡುತ್ತದೆಂದು ಅದಕ್ಕೆ ಮೊಳೆ ಹೊಡೆಸುವುದು ಈ ರಚನೆಯ ಉದ್ದೇಶವನ್ನೇ ಕೆಡಿಸುತ್ತದೆ. ಮುಂದಿನ ಬೇಸಿಗೆಯಲ್ಲಿ ಹಲಗೆ ಸೀಳುತ್ತದೆ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರಿ ವಸತಿಗೃಹಗಳಲ್ಲಿಯೂ ನಗರದ ಮನೆಗಳಲ್ಲಿಯೂ ಉಕ್ಕಿನ ಕಿಟಕಿಗಳು ವ್ಯಾಪಕವಾಗಿ ಬಂದವು. ತೆಳುವಾದ ಅಂಚುಗಳಿಂದಾಗಿ ಅವು ಹೆಚ್ಚು ಬೆಳಕು ಬಿಡುತ್ತವೆ, ಗೆದ್ದಲಿನ ಭಯವಿಲ್ಲ. ಕಡಲಿನ ಉಪ್ಪುಗಾಳಿ ತಾಗುವಲ್ಲಿ ಮಾತ್ರ ತುಕ್ಕು ಬೇಗ ಹಿಡಿಯುತ್ತದೆ. ಅಲ್ಯೂಮಿನಿಯಂ ತುಕ್ಕು ಹಿಡಿದು ಉದುರುವುದಿಲ್ಲ, ಹಗುರ; ಆದರೆ ತಾಪವನ್ನು ಸುಲಭವಾಗಿ ಒಳಕ್ಕೆ ದಾಟಿಸುತ್ತದೆ. ಯುಪಿವಿಸಿಯ ಟೊಳ್ಳು ಅಂಚುಗಳು ತಾಪವನ್ನೂ ಸದ್ದನ್ನೂ ಚೆನ್ನಾಗಿ ತಡೆಯುತ್ತವೆ, ಬಣ್ಣ ಬಳಿಯುವ ಕೆಲಸವಿಲ್ಲ. ಅದು ಸ್ವತಃ ಗಟ್ಟಿಯಲ್ಲದ ವಸ್ತುವಾದ್ದರಿಂದ ಒಳಗೆ ಸತು ಲೇಪಿತ ಉಕ್ಕಿನ ಬಲಪಟ್ಟಿ ಇರಬೇಕು. ಆ ಪಟ್ಟಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅಗ್ಗದ ಕದಗಳಲ್ಲಿ ಮೊದಲು ಕಡಿತವಾಗುವುದು ಅದೇ. ಕೊಳ್ಳುವ ಮುನ್ನ ಕತ್ತರಿಸಿದ ಮಾದರಿ ತುಂಡನ್ನು ತೋರಿಸಲು ಕೇಳಬಹುದು. ಸಾಮಾನ್ಯ ಪ್ಲೈವುಡ್ ಮತ್ತು ಒಳಬಾಗಿಲಿಗೆ ಮಾಡಿದ ಫ್ಲಷ್ ಕದಗಳು ಮಳೆಗೆ ತೆರೆದ ಕಿಟಕಿಗೆ ತಕ್ಕವಲ್ಲ.

ಗಾಜು ಸಾಮಾನ್ಯವಾಗಿ 4 ಅಥವಾ 5 ಮಿ.ಮೀ. ದಪ್ಪದ್ದು. ನೆಲಮಟ್ಟಕ್ಕೆ ಹತ್ತಿರ ಇಳಿಯುವ ಕಿಟಕಿಗಳಿಗೆ ಒಡೆದರೆ ಮೊಂಡು ಹರಳುಗಳಾಗುವ ಗಡಸುಗೊಳಿಸಿದ ಗಾಜನ್ನು ಹಾಕುವುದು ಕ್ಷೇಮ.

ಸರಳು, ಸೊಳ್ಳೆ ಜಾಲರಿ ಮತ್ತು ಕದಗಳ ಕ್ರಮ

ಕರ್ನಾಟಕದ ಮನೆಯ ಕಿಟಕಿಯಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಹೊರಗೆ ಕದ, ನಡುವೆ ಕಬ್ಬಿಣದ ಸರಳು ಅಥವಾ ಗ್ರಿಲ್, ಒಳಗೆ ಸೊಳ್ಳೆ ಜಾಲರಿ. ಹೊರಗಿನ ಕದವನ್ನು ಮುಚ್ಚಲು ಸರಳುಗಳ ನಡುವೆ ಕೈ ತೂರಿಸಬೇಕು. ಹಾಗೆ ತೂರಿಸಲು ಜಾಲರಿ ಒಳಕ್ಕೆ ತೆರೆಯುವ ಬೇರೆ ಕದವಾಗಿರಬೇಕು. ಗ್ರಿಲ್ಲಿನ ವಿನ್ಯಾಸ ದಟ್ಟವಾಗಿದ್ದು ಚಿಲಕದ ಬಳಿ ಕೈ ಹಿಡಿಸುವಷ್ಟು ಸಂದು ಇಲ್ಲದಿದ್ದರೆ ಕದ ಇದ್ದೂ ಇಲ್ಲದಂತೆ. ಗ್ರಿಲ್ ಮಾಡುವವರು, ಬಡಗಿ ಮತ್ತು ಜಾಲರಿ ಹಾಕುವವರು ಮೂರು ಬೇರೆ ಬೇರೆ ಸಮಯದಲ್ಲಿ ಬರುವುದರಿಂದ ಈ ಎಡವಟ್ಟು ಆಗಾಗ ನಡೆಯುತ್ತದೆ. ಕದದ ಚಿಲಕ, ಕೊಕ್ಕೆ ಮತ್ತು ಹಿಡಿಗಳ ಜಾಗವನ್ನು ಮೊದಲೇ ಗುರುತಿಸಿ ಗ್ರಿಲ್ಲಿನ ನಕ್ಷೆಯನ್ನು ಅದಕ್ಕೆ ಹೊಂದಿಸಬೇಕು.

ಜಾಲರಿಯನ್ನು ಹೆಚ್ಚುವರಿ ಅನುಕೂಲವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಕಿಟಕಿ ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂಬುದು ಇದನ್ನೇ ಅವಲಂಬಿಸಿದೆ. ಜಾಲರಿಯಿಲ್ಲದ ಮನೆಗಳಲ್ಲಿ ಸೊಳ್ಳೆಗೆ ಹೆದರಿ ಸಂಜೆ ಆರರ ಹೊತ್ತಿಗೆ ಎಲ್ಲ ಕದಗಳನ್ನೂ ಮುಚ್ಚುತ್ತಾರೆ. ಹೊರಗಿನ ಗಾಳಿ ತಂಪಾಗಲು ಆರಂಭವಾಗುವುದೂ ಅದೇ ಹೊತ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಸಂಜೆ ಮಾತ್ರ ಮುಚ್ಚಿ ಪ್ರಯೋಜನವೂ ಪೂರ್ಣವಲ್ಲ. ಜಾಲರಿಯ ಕಣ್ಣು ಸುಮಾರು 1.2ರಿಂದ 1.5 ಮಿ.ಮೀ. ಇದ್ದರೆ ಸೊಳ್ಳೆ ನುಸುಳುವುದಿಲ್ಲ. ಇನ್ನೂ ಸಣ್ಣದಾದಷ್ಟು ಗಾಳಿ ಕಡಿಮೆಯಾಗಿ ಧೂಳು ಕಟ್ಟಿಕೊಳ್ಳುತ್ತದೆ.

ಅಳತೆ ಮತ್ತು ಜೋಡಣೆ

ತೆರಪಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಎತ್ತರವನ್ನೂ ಮೂರು ಕಡೆ ಅಳೆದು, ಎರಡರಲ್ಲೂ ಅತಿ ಕಡಿಮೆಯ ಅಳತೆಯನ್ನು ಹಿಡಿಯಬೇಕು. ಅನಂತರ ಎದುರು ಮೂಲೆಗಳ ನಡುವಣ ಎರಡು ಕರ್ಣಗಳನ್ನು ಅಳೆಯಬೇಕು. ಅವು ಸಮವಾಗಿಲ್ಲದಿದ್ದರೆ ತೆರಪು ಚೌಕವಾಗಿಲ್ಲ. ಗಾರೆಯ ಕೆಲಸಕ್ಕೆ ಮುಂಚೆ ತೆಗೆದ ಅಳತೆಯಿಂದ ಯುಪಿವಿಸಿ ಅಥವಾ ಅಲ್ಯೂಮಿನಿಯಂ ಕಿಟಕಿ ಮಾಡಿಸಬಾರದು, ಏಕೆಂದರೆ ಗಾರೆಯ ದಪ್ಪ ಎರಡು ಬದಿಯಲ್ಲೂ ಸೇರಿ ತೆರಪು ಕಿರಿದಾಗುತ್ತದೆ. ಮರದ ಚೌಕಟ್ಟಿನ ಕ್ರಮ ಇದಕ್ಕೆ ವಿರುದ್ಧ: ಅದನ್ನು ಗೋಡೆ ಏರುವಾಗಲೇ ನಿಲ್ಲಿಸಿ, ಎರಡೂ ಬದಿಗಳಲ್ಲಿ ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಹಿಡಿಕೆಗಳನ್ನು ಕಾಂಕ್ರೀಟಿನಲ್ಲಿ ಹೂಳುತ್ತಾರೆ. ಗೋಡೆಗೆ ತಾಗುವ ಮುಖಕ್ಕೆ ಮೊದಲೇ ಡಾಂಬರು ಅಥವಾ ಪ್ರೈಮರ್ ಬಳಿಯಬೇಕು. ಗೋಡೆ ಎದ್ದ ಮೇಲೆ ಆ ಮುಖ ಮತ್ತೆ ಕೈಗೆ ಸಿಗುವುದಿಲ್ಲ.

ಚೌಕಟ್ಟನ್ನು ತೂಗುಗುಂಡು ಮತ್ತು ರಸಮಟ್ಟಗಳಿಂದ ಪರೀಕ್ಷಿಸುವುದು ಇಡೀ ಕೆಲಸದ ಮುಖ್ಯ ಹಂತ. ಎರಡು ನಿಲುವುಗಳಲ್ಲಿ ಒಂದು ತುಸು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ವಾಲಿದ್ದರೆ ಎಷ್ಟೇ ನೇರವಾದ ಕದವೂ ಒಂದು ಮೂಲೆಯಲ್ಲಿ ಕೂತು ಇನ್ನೊಂದರಲ್ಲಿ ಎದ್ದಿರುತ್ತದೆ. ನಿಲುವು ಲಂಬವಾಗಿಲ್ಲದಿದ್ದರೆ ತೆರೆದ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ ಅಥವಾ ಮುಚ್ಚಿದ್ದು ತೆರೆದುಕೊಳ್ಳುತ್ತದೆ. ಕದಗಳ ದೋಷವೆಂದು ಎಣಿಸುವ ಬಹಳಷ್ಟು ಸಂಗತಿಗಳು ಹೀಗೆ ಚೌಕಟ್ಟಿನ ದೋಷಗಳೇ.

ಕದದ ಸುತ್ತ 2ರಿಂದ 3 ಮಿ.ಮೀ. ಸಂದು ಬಿಡುತ್ತಾರೆ. ಕದ ತಯಾರಾಗುವ ಕಾಲವನ್ನೂ ಇಲ್ಲಿ ಗಣಿಸಬೇಕು: ಮಾರ್ಚಿಯ ಒಣ ಹವೆಯಲ್ಲಿ ಬಿಗಿಯಾಗಿ ಕೂರಿಸಿದ ಕದ ಜುಲೈಯಲ್ಲಿ ಸಿಕ್ಕಿಕೊಳ್ಳುವುದು ಖಚಿತ. ಮಳೆಗಾಲದಲ್ಲಿ ಸಿಕ್ಕಿಕೊಂಡ ಕದವನ್ನು ಒಡನೆ ಉಜ್ಜುಗೊರಡಿನಿಂದ ಸವರಿಸಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಾಗಬಹುದು. ಮಳೆ ಮುಗಿದು ಒಂದೆರಡು ತಿಂಗಳು ಕಾದು, ಆಗಲೂ ಉಜ್ಜುತ್ತಿದ್ದರೆ ಮಾತ್ರ ಸವರುವುದು ಅನುಭವಿ ಬಡಗಿಗಳ ಕ್ರಮ.

ಕೀಲುಗಳನ್ನು ಕದದ ಮೇಲಂಚು ಮತ್ತು ಕೆಳಂಚಿನಿಂದ 15ರಿಂದ 20 ಸೆಂ.ಮೀ. ದೂರದಲ್ಲಿ ಹಾಕುತ್ತಾರೆ. ಕದದ ಎತ್ತರ 1.2 ಮೀಟರ್ ದಾಟಿದರೆ ನಡುವೆ ಮೂರನೆಯದು ಬೇಕು. ಕೀಲಿನ ರೆಕ್ಕೆ ಮರದ ಮೇಲ್ಮೈಗೆ ಸಮವಾಗಿ ಕೂರುವಂತೆ ಅದರ ದಪ್ಪದಷ್ಟೇ ಗುಳಿ ತೋಡಬೇಕು; ಗುಳಿ ಆಳವಾದರೆ ಕದ ಪೂರ್ತಿ ಮುಚ್ಚುವ ಮುನ್ನವೇ ಚೌಕಟ್ಟಿಗೆ ಒತ್ತಿ ಸ್ಕ್ರೂಗಳನ್ನು ಕೀಳಲು ಆರಂಭಿಸುತ್ತದೆ. ಮೊದಲು ಪ್ರತಿ ಕೀಲಿಗೂ ಒಂದೊಂದೇ ಸ್ಕ್ರೂ ಹಾಕಿ, ಕದವನ್ನು ಕೆಲವು ಬಾರಿ ತೆರೆದು ಮುಚ್ಚಿ ನೋಡಿ, ಅನಂತರ ಉಳಿದವನ್ನು ಬಿಗಿಸಬೇಕು. ಸ್ಕ್ರೂವನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಅದರ ಎಳೆಗೆ ಮರದ ಹಿಡಿತ ಸಿಗುವುದಿಲ್ಲ. ಕರಾವಳಿಯಲ್ಲಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕಿನ ಕೀಲು ಮತ್ತು ಅದೇ ಲೋಹದ ಸ್ಕ್ರೂಗಳೇ ಬಾಳುತ್ತವೆ; ಕಡಲಿಗೆ ತೀರ ಹತ್ತಿರವಿದ್ದರೆ 304ಕ್ಕಿಂತ 316 ದರ್ಜೆಯ ಉಕ್ಕು ಉಪ್ಪನ್ನು ಹೆಚ್ಚು ತಾಳುತ್ತದೆ. ಜೋಡಿ ಕದಗಳು ನಡುವೆ ಸೇರುವಲ್ಲಿ ಒಂದರ ಅಂಚು ಇನ್ನೊಂದರ ಮೇಲೆ ಹಾಯುವಂತೆ ಮೆಟ್ಟಿಲು ಕೆತ್ತಿದರೆ ಮಳೆ ಮತ್ತು ಬೆಳಕಿನ ಗೆರೆ ಎರಡೂ ನಿಲ್ಲುತ್ತವೆ.

ನೀರಿನ ದಾರಿ ಬಹುಪಾಲು ಕಿಟಕಿಗಳಲ್ಲಿ ಕಡೆಗಣಿಸಲ್ಪಡುವ ವಿಷಯ. ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಬೇಕು. ಕಟ್ಟೆ ಮತ್ತು ಸಜ್ಜಾಗಳ ಚಾಚಿದ ಅಂಚಿನ ಅಡಿಯಲ್ಲಿ ಒಂದು ಸಣ್ಣ ಕಾಲುವೆ ಕೊರೆದಿದ್ದರೆ ನೀರು ಅಡಿಮುಖಕ್ಕೆ ಅಂಟಿಕೊಂಡು ಗೋಡೆಯತ್ತ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಸರಿಯುವ ಕಿಟಕಿಗಳ ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಗಾರೆ ಅಥವಾ ಸಿಲಿಕೋನ್ ಬಳಿಯುವಾಗ ಇವು ಮುಚ್ಚಿಹೋದರೆ ಹಳಿ ತುಂಬಿ ನೀರು ಕೋಣೆಗೆ ಇಳಿಯುತ್ತದೆ. ಕೆಲಸದವರಿಗೆ ಹಣ ಚುಕ್ತಾ ಮಾಡುವ ಮುನ್ನ ಹೊರಗಿನಿಂದ ಕೆಲವು ನಿಮಿಷ ಪೈಪಿನಿಂದ ನೀರು ಹಾಯಿಸಿ ನೋಡುವುದು ಒಳ್ಳೆಯದು. ಯುಪಿವಿಸಿ ಚೌಕಟ್ಟು ಮತ್ತು ಗೋಡೆಯ ನಡುವೆ 5ರಿಂದ 10 ಮಿ.ಮೀ. ಸಂದು ಬಿಟ್ಟು ಅದನ್ನು ಫೋಮ್‌ನಿಂದ ತುಂಬಿ, ಹೊರಗೆ ಸಿಲಿಕೋನ್‌ನಿಂದ ಮುಚ್ಚುತ್ತಾರೆ. ಫೋಮ್ ಒಂದೇ ಮಳೆಯನ್ನು ತಡೆಯಲಾರದು.

ಬಣ್ಣ ಬಳಿಯುವಾಗ ಕದದ ಆರೂ ಮುಖಗಳಿಗೆ ಬಳಿಯಬೇಕು. ನೆತ್ತಿ ಮತ್ತು ತಳದ ಅಂಚುಗಳು ಕಣ್ಣಿಗೆ ಬೀಳದ ಕಾರಣ ಅವನ್ನು ಹಾಗೆಯೇ ಬಿಡುವುದುಂಟು. ನಿಲುವು ಪಟ್ಟಿಗಳ ನಾರಿನ ತುದಿ ಬಯಲಾಗಿರುವುದು ಅಲ್ಲಿಯೇ ಆದ್ದರಿಂದ ನೀರನ್ನು ಅತಿ ಬೇಗ ಹೀರುವುದೂ ಆ ಅಂಚುಗಳೇ. ಕದವನ್ನು ನೇತುಹಾಕುವ ಮುನ್ನವೇ ಇವುಗಳಿಗೆ ಎರಡು ಬಾರಿ ಪ್ರೈಮರ್ ಕೊಡುವುದು ಸುಲಭ.

ಸುರಕ್ಷತೆ

ಎಲ್ಲ ಕಿಟಕಿಗಳಿಗೂ ಸ್ಥಿರ ಗ್ರಿಲ್ ಹಾಕಿದ ಮನೆಯಲ್ಲಿ ಬೆಂಕಿ ಬಿದ್ದು ಬಾಗಿಲಿನ ದಾರಿ ಮುಚ್ಚಿದರೆ ಹೊರಬೀಳಲು ಬೇರೆ ಮಾರ್ಗ ಉಳಿಯುವುದಿಲ್ಲ. ಮಲಗುವ ಪ್ರತಿ ಕೋಣೆಯಲ್ಲಿ ಒಂದಾದರೂ ಗ್ರಿಲ್ಲು ಒಳಗಿನಿಂದ ತೆರೆಯುವಂತಿರಬೇಕು. ಅದಕ್ಕೆ ಬೀಗ ಹಾಕುವುದಾದರೆ ಕೀಲಿಕೈ ಅದೇ ಕೋಣೆಯಲ್ಲಿ, ಹೊರಗಿನಿಂದ ಕೈಗೆ ಎಟುಕದ ಆದರೆ ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಬೇಕು. ಮೇಲಂತಸ್ತಿನಲ್ಲಿ ಸೊಳ್ಳೆ ಜಾಲರಿಯು ಮಕ್ಕಳ ಭಾರವನ್ನು ತಡೆಯುವುದಿಲ್ಲ. ಗ್ರಿಲ್ ಇಲ್ಲದ ಕಿಟಕಿಯ ಬಳಿ ಮಂಚ ಅಥವಾ ಕುರ್ಚಿ ಇಡಬಾರದು.

ಗ್ಯಾಸ್ ಗೀಸರ್ ಇರುವ ಸ್ನಾನದ ಮನೆಯ ಕಿಟಕಿಯನ್ನು ಚಳಿ ಅಥವಾ ಸೊಳ್ಳೆಯ ಕಾರಣಕ್ಕೆ ಮುಚ್ಚುವುದು ಪ್ರಾಣಾಪಾಯ ತರುತ್ತದೆ. ಅನಿಲ ಉರಿಯಲು ಸಾಕಷ್ಟು ಆಮ್ಲಜನಕ ಇಲ್ಲದಾಗ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ, ಸ್ನಾನ ಮಾಡುತ್ತಿರುವವರು ಎಚ್ಚರ ತಪ್ಪುತ್ತಾರೆ. ಅಂಥ ಗೀಸರನ್ನು ಸ್ನಾನದ ಮನೆಯ ಹೊರಗೆ ಅಳವಡಿಸುವುದೇ ಸರಿಯಾದ ಕ್ರಮ. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಕದಗಳನ್ನು ಬಿಗಿಯಾಗಿ ಮುಚ್ಚಿ ಮಲಗುವುದಕ್ಕೂ ಇದೇ ಅಪಾಯವಿದೆ; ಹೊಸ ಕದಗಳ ರಬ್ಬರ್ ಅಂಚುಗಳು ಹಳೆಯ ಕದಗಳ ಸಂದುಗಳಂತೆ ಗಾಳಿ ಬಿಡುವುದಿಲ್ಲ. ಸ್ನಾನದ ಮನೆಗಳ ಗಾಜಿನ ಓರೆಪಟ್ಟಿಗಳನ್ನು ಹೊರಗಿನಿಂದ ಒಂದೊಂದಾಗಿ ಕಳಚಬಹುದಾದ್ದರಿಂದ ಅವುಗಳ ಹಿಂದೆ ಸರಳು ಇರಬೇಕು.

ನಿರ್ವಹಣೆ

ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ ಕೀಲು ಮತ್ತು ಚಿಲಕಗಳಿಗೆ ಎಣ್ಣೆ ಹಾಕಿ, ಸಜ್ಜಾದ ಮೇಲಿನ ಕಸ ತೆಗೆದು, ಹಳಿಯ ರಂಧ್ರಗಳನ್ನು ಸಣ್ಣ ತಂತಿಯಿಂದ ಬಿಡಿಸಬೇಕು. ಮರದ ಕದದ ಬಣ್ಣ ಮೊದಲು ಎದ್ದೇಳುವುದು ಕೆಳಗಿನ ಅಡ್ಡಪಟ್ಟಿಯಲ್ಲಿ. ಆ ಭಾಗವನ್ನಷ್ಟೇ ಉಜ್ಜಿ ಬಳಿದರೂ ಕದದ ಆಯುಷ್ಯ ಹೆಚ್ಚುತ್ತದೆ. ಗೆದ್ದಲು ಸಾಮಾನ್ಯವಾಗಿ ಕದಕ್ಕಿಂತ ಮೊದಲು ಚೌಕಟ್ಟಿನ ತಳಕ್ಕೆ, ಗೋಡೆಯೊಳಗಿನಿಂದ ಬರುತ್ತದೆ. ಬಡಿದಾಗ ಟೊಳ್ಳು ಸದ್ದು ಬಂದರೆ ಅಥವಾ ಮಣ್ಣಿನ ತೆಳು ನಾಳ ಕಂಡರೆ ಹೊರಗಿನ ಮಣ್ಣನ್ನು ಒರೆಸಿ ಸುಮ್ಮನಾಗದೆ, ಗೋಡೆಯ ಬುಡದಲ್ಲಿ ರಂಧ್ರ ಕೊರೆದು ಗೆದ್ದಲು ನಾಶಕ ಸುರಿಸಬೇಕಾಗುತ್ತದೆ. ಯುಪಿವಿಸಿ ಕದಗಳಲ್ಲಿ ರಬ್ಬರ್ ಅಂಚುಗಳು ಮತ್ತು ಸರಿಯುವ ಕದದ ಚಕ್ರಗಳು ಕದಕ್ಕಿಂತ ಬಹಳ ಮೊದಲು ಸವೆಯುತ್ತವೆ. ಅವುಗಳನ್ನು ಬದಲಿಸಲು ಸಾಧ್ಯವಾಗುವಂತೆ ತಯಾರಕರ ಹೆಸರು ಮತ್ತು ಅಂಚಿನ ಮಾದರಿ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಟ್ಟುಕೊಳ್ಳಬೇಕು.